ವಾಸನೆಯಿಲ್ಲದ ಮನೆ

ಆ ಮನೆಯಲ್ಲಿ ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಹಾಲಿಗಿರಲಿಲ್ಲ. ಅದು ಯಜಮಾನರ ಮೂಗಿಗೆ ಸೇರಿದ್ದಾಗಿತ್ತು. ಒಡೆಯುವುದಕ್ಕೆ ಅರ್ಧ ದಿನ ಮೊದಲೇ ಅವರು ಪಾತ್ರೆಯ ಮೇಲೆ ಬಾಗಿ, "ಇದು ಸಂಜೆಯವರೆಗೆ ಬಾಳೋದಿಲ್ಲ" ಎಂದರೆ ಹಾಲು ಸಂಜೆಯವರೆಗೆ ಬಾಳುತ್ತಿರಲಿಲ್ಲ. ಹೆಂಡತಿ ಇದನ್ನು ನೋಡಿ, "ನಿಮ್ಮ ಮಾತಿಗೆ ಹೆದರಿಯೇ ಅದು ಒಡೆಯುತ್ತೆ ಕಣ್ರೀ" ಎನ್ನುತ್ತಿದ್ದರು.

ಚಹಾ ಕಂಪನಿಯೊಂದರಲ್ಲಿ ಅವರು ರುಚಿ ಪರೀಕ್ಷಕರು. ಉಗ್ರಾಣಕ್ಕೆ ಬಂದಿಳಿದ ಪೆಟ್ಟಿಗೆಗಳಿಂದ ಚಿಟಿಕೆ ಚಿಟಿಕೆ ಎಲೆ ತೆಗೆದು, ಸಾಲಾಗಿಟ್ಟ ಬಿಳಿಯ ಪಿಂಗಾಣಿ ಬಟ್ಟಲುಗಳಿಗೆ ಹಾಕಿ, ಕುದಿನೀರು ಹೊಯ್ದು ಮುಚ್ಚುವರು. ಮುಚ್ಚಳ ತೆರೆದ ಗಳಿಗೆಯಲ್ಲಿ ಏಳುವ ಆವಿಯಿಂದಲೇ ಆ ಎಲೆಯ ಜಾತಕವನ್ನೆಲ್ಲ ಓದಿಬಿಡುವರು. ಯಾವ ಎತ್ತರದಲ್ಲಿ ಬೆಳೆದದ್ದು, ಕೊಯ್ದ ಮೇಲೆ ಎಷ್ಟು ಬಾಡಿದ್ದು, ದಾರಿಯಲ್ಲಿ ಯಾವ ಸರಕಿನ ಪಕ್ಕದಲ್ಲಿ ಕುಳಿತು ಬಂದದ್ದು, ಎಲ್ಲವೂ ಆ ಒಂದು ಉಸಿರಿನಲ್ಲಿ. ಉಗ್ರಾಣದ ಹಮಾಲಿಗಳು ಅವರಿಗೆ ಮೂಗುರಾಯರು ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದ ಆ ಹೆಸರು ಕ್ರಮೇಣ ಎದುರಿಗೆ ಬಂತು, ಕೊನೆಗೆ ಮನೆಯ ಹೊಸ್ತಿಲನ್ನೂ ದಾಟಿತು. ರಾಯರು ಕೋಪಿಸಿಕೊಳ್ಳಲಿಲ್ಲ. ಅದರಲ್ಲಿ ಹಾಸ್ಯಕ್ಕಿಂತ ಗೌರವವೇ ಒಂದು ಗುಲಗಂಜಿ ಹೆಚ್ಚೆಂದು ಅವರು ಬಲ್ಲರು.

ಇಂಥ ಮೂಗನ್ನು ಸಾಕುವುದೆಂದರೆ ಮನೆಯವರಿಗೆ ವ್ರತವೇ ಸರಿ. ಸುಗಂಧದ ಸೋಪು ಆ ಮನೆಗೆ ಬರಲಿಲ್ಲ, ಪೌಡರಿನ ಡಬ್ಬಿ ಬರಲಿಲ್ಲ. ಸೆಂಟು ಹಚ್ಚಿಕೊಂಡು ಬಂದ ನೆಂಟರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರಿಸುವ ಪದ್ಧತಿಯಿತ್ತು. ಬಟ್ಟೆ ಒಗೆಯುವುದಕ್ಕೂ ವಾಸನೆಯಿಲ್ಲದ ಪುಡಿಯನ್ನು ಹುಡುಕಿ ತರಬೇಕು. ಅಂಗಿಯ ಪರಿಮಳ ಬಟ್ಟಲಿನ ಆವಿಯ ಜೊತೆ ಬೆರೆತರೆ ತೀರ್ಪು ಕೆಡುತ್ತದೆ. ಒಗೆದ ಬಟ್ಟೆ ಒಣಗಿದ ಮೇಲೆ ಅದರಲ್ಲೊಂದನ್ನು, ಸಾಮಾನ್ಯವಾಗಿ ಒಂದು ಟವೆಲನ್ನು, ರಾಯರ ಮುಂದೆ ಹಿಡಿಯುವುದು ಆ ಮನೆಯ ಕಟ್ಟಳೆ. ಅವರು ಕಣ್ಣು ಮುಚ್ಚಿ, ಮುಖವೊತ್ತಿ, ಒಮ್ಮೆ ಉಸಿರೆಳೆದು "ಸರಿ" ಎಂದರೆ ಬಟ್ಟೆ ಮಡಚಬಹುದು. "ಊಹೂಂ" ಎಂದರೆ ರಾಶಿಗೆ ರಾಶಿಯೇ ಮತ್ತೆ ನೀರಿಗೆ.

ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ಮೂಗಿಗೆ ಮಾತ್ರ ಸೃಷ್ಟಿಕರ್ತ ಕದವಿಡಲಿಲ್ಲ. ಇರುಳೂ ಹಗಲೂ ತೆರೆದಿರುವ ಆ ಬಾಗಿಲು ರಾಯರ ಪಾಲಿಗೆ ಒಂದು ಜ್ವರದ ಹಿಂದೆಯೇ ಮುಚ್ಚಿಹೋಯಿತು. ನೆಗಡಿ ಬಂತು, ಜ್ವರ ಬಂತು, ಎರಡೂ ಹೋದವು; ಹೋಗುವಾಗ ಲೋಕದ ಗಂಧವನ್ನೂ ಜೊತೆಗೆ ಕೊಂಡೊಯ್ದವು. ಮೊದಲ ದಿನ ಕಾಫಿ ಬಿಸಿನೀರಿನಂತೆನಿಸಿದಾಗ ನೆಗಡಿಯ ಶೇಷವೆಂದುಕೊಂಡರು. ವಾರಗಳು ಕಳೆದರೂ ಅದು ಬಿಸಿನೀರೇ ಆಗಿ ಉಳಿಯಿತು. ವೈದ್ಯರ ಬಳಿಗೆ ಒಬ್ಬರೇ ಹೋದರು. "ಬಂದರೆ ತಾನಾಗಿಯೇ ಬರುತ್ತೆ, ಬರದೇ ಇದ್ದರೂ ಆಶ್ಚರ್ಯವಿಲ್ಲ. ಕಾಯಬೇಕು" ಎಂದರು ವೈದ್ಯರು. ರಾಯರು ಕಾದರು, ಯಾರಿಗೂ ಹೇಳಲಿಲ್ಲ. ಎಲೆಯ ಕೊಯ್ಲು ತಗ್ಗಿದ ಕಾಲವಾದ್ದರಿಂದ ಉಗ್ರಾಣದಲ್ಲಿ ಬಟ್ಟಲುಗಳು ಬೋರಲು ಬಿದ್ದಿದ್ದವು. ಹೊಸ ಸರಕು ಬರುವವರೆಗೆ ಗುಟ್ಟು ಸುರಕ್ಷಿತವಾಗಿತ್ತು. ಮನೆಯ ಹಿಂದಿನ ಕೋಣೆಯ ಕಿಟಕಿಯಡಿ ಕುಳಿತು, ದಿನವೂ ಬೆಳಿಗ್ಗೆ ಲವಂಗ, ಚಹಾ, ಕರಿಮೆಣಸಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಗಿಗೆ ಹಿಡಿಯುತ್ತಿದ್ದರು. "ಅಭ್ಯಾಸ ತಪ್ಪಬಾರದಲ್ಲ" ಎಂದು ಹೆಂಡತಿಗೆ ಹೇಳುವರು. ಡಬ್ಬಿಗಳು ತೆರೆದುಕೊಳ್ಳುತ್ತಿದ್ದವು, ಮೂಗು ತೆರೆದುಕೊಳ್ಳುತ್ತಿರಲಿಲ್ಲ.

ಅದೇ ಕೋಣೆಯಲ್ಲಿ ಎರಡು ಯಂತ್ರಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ರೈಲಿನಲ್ಲಿ ಗಾರ್ಡ್ ಆಗಿರುವ ಮಗ, ವಾರದ ಅರ್ಧ ದಿನಗಳನ್ನು ಹಳಿಯ ಮೇಲೆಯೇ ಕಳೆಯುವವನು, ಮದುವೆಯಾದ ಹೊಸದರಲ್ಲಿ ಅವುಗಳನ್ನು ತರಿಸಿದ್ದ: ಮುಂದೆ ದುಂಡು ಗಾಜಿನ ಬಾಗಿಲಿರುವ ವಾಷಿಂಗ್ ಮಷೀನೊಂದು, ಪಕ್ಕದಲ್ಲಿ ಬಟ್ಟೆ ಒಣಗಿಸುವ ಡ್ರೈಯರೊಂದು. ಅದಕ್ಕೆ ಕಾರಣ ಸೊಸೆ. ಆಕೆ ಊರಿನ ಈಜುಕೊಳದಲ್ಲಿ ತರಬೇತಿ ಕೊಡುವವಳು. ದಿನವೂ ಸಂಜೆ ಚೀಲದ ತುಂಬ ಒದ್ದೆ ಟವೆಲುಗಳನ್ನು ತರುವಳು. ಹಗ್ಗದ ಮೇಲೆ ಹರವಿದರೆ ಮನೆಮಂದಿಯ ಬಟ್ಟೆಗೆ ಜಾಗವುಳಿಯದು. "ನನ್ನ ಟವೆಲೇ ಜಾಸ್ತಿ ಅತ್ತೆ, ಬಟ್ಟೆ ಕೆಲಸ ನನಗೇ ಬಿಡಿ" ಎಂದು ತಾನಾಗಿ ಆ ಭಾರ ಹೊತ್ತಳು. ಅತ್ತೆ ಕೀಲಿಕೈ ಒಪ್ಪಿಸುವವರಂತೆ ಪುಡಿಯ ಡಬ್ಬಿಯನ್ನು ಒಪ್ಪಿಸಿ ಎರಡು ಉಪದೇಶ ಕೊಟ್ಟರು. ಒಂದು, ಪುಡಿಗೆ ಜಿಪುಣತನ ಮಾಡಬಾರದು, ತುಂಬಿದ ಹಿಡಿ ಬೀಳಲೇಬೇಕು. ಇನ್ನೊಂದು, ಕೆಲಸ ಮುಗಿದೊಡನೆ ಯಂತ್ರದ ಬಾಗಿಲನ್ನು ಬಿಗಿಯಾಗಿ ಮುಚ್ಚಬೇಕು, ಇಲ್ಲವಾದರೆ ಪಕ್ಕದ ಮನೆಯ ಬೆಕ್ಕು ಒಳಗೆ ಹೋಗಿ ಮಲಗುತ್ತದೆ. ಹಳೆಯ ಯಂತ್ರದಲ್ಲಿ ಅದು ಒಮ್ಮೆ ಮಲಗಿತ್ತಂತೆ. ಸೊಸೆ ಎರಡನ್ನೂ ಶಿರಸಾವಹಿಸಿದಳು. ಎರಡೂ ಹಳೆಯ ಯಂತ್ರಕ್ಕೆ ಹಿತವಾದ ಮಾತುಗಳು, ಹೊಸತಕ್ಕೆ ವಿಷ. ಹೆಚ್ಚಾದ ಪುಡಿ ನೊರೆಯಾಗಿ ಉಬ್ಬಿ ಒಳಗಿನ ಸಂದುಗೊಂದುಗಳಲ್ಲಿ ಅಂಟಿತು. ಮುಚ್ಚಿದ ಬಾಗಿಲ ಹಿಂದೆ ತೇವ ಕೂತಿತು. ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆಯಲ್ಲಿ, ಕತ್ತಲೂ ನೀರೂ ಸೇರಿದಲ್ಲಿ ಹುಟ್ಟಬೇಕಾದ್ದು ಹುಟ್ಟಿತು.

ಮೊದಲು ಅದನ್ನು ಕಂಡುಹಿಡಿದವಳು ಸೊಸೆ. ಒಂದು ದಿನ ಟವೆಲನ್ನು ಮಾವನ ಮುಂದೆ ಹಿಡಿದು ನಿಂತಾಗ ಅವಳ ಹುಬ್ಬು ಗಂಟಿಕ್ಕಿತ್ತು.

"ಮಾವ, ಸ್ವಲ್ಪ ಮುಗ್ಗಲು ವಾಸನೆ ಅನ್ಸಲ್ವಾ?"

ರಾಯರು ಮುಖವೊತ್ತಿದರು. ಬಟ್ಟೆಯ ಒರಟು ತಾಗಿತು, ಇನ್ನೂ ಆರದ ಬಿಸುಪು ತಾಗಿತು. ಅದರಾಚೆಗೆ ಬಯಲು. 'ಊಹೂಂ' ಎಂದರೆ, ಏನು ವಾಸನೆ, ಎಲ್ಲಿಂದ ಬಂತು ಎಂದು ಮುಂದೆ ಹೇಳಬೇಕಾಗುತ್ತದೆ. ಅಭ್ಯಾಸಬಲದಿಂದ ನಾಲಿಗೆಯೇ ಮುಂದಾಯಿತು.

"ಸರಿ."

"ನಿಜವಾಗ್ಲೂ?"

"ಸರಿಯಾಗಿದೆ ಕಣಮ್ಮ. ಮಡಚು."

ತರಕಾರಿ ಹೆಚ್ಚುತ್ತಿದ್ದ ಹೆಂಡತಿ ತಲೆಯೆತ್ತಿ ಗಂಡನನ್ನೊಮ್ಮೆ ನೋಡಿದರು. ಆ ನೋಟದಲ್ಲಿ ಏನೋ ಒಂದು ಮೃದುತ್ವವಿತ್ತು. ರಾಯರಿಗೆ ಅದರ ಅರ್ಥವಾಗಲಿಲ್ಲ.

ಹೀಗೆ ಮತ್ತೆ ಮತ್ತೆ ನಡೆಯಿತು. ಸೊಸೆಗೆ ದಿಂಬಿನಲ್ಲಿ ಮುಗ್ಗಲು, ಹೊದಿಕೆಯಲ್ಲಿ ಮುಗ್ಗಲು, ತನ್ನ ಕೈಯಲ್ಲೂ ಮುಗ್ಗಲು. ಮಾವನ ಮೂಗು 'ಸರಿ' ಎನ್ನುತ್ತದೆ, ಅತ್ತೆ ಮಾತಾಡುವುದಿಲ್ಲ. ಊರೆಲ್ಲ ಹೊಗಳುವ ಮೂಗಿನೆದುರು ನಿನ್ನೆ ಮೊನ್ನೆ ಬಂದ ಹುಡುಗಿಯ ಮೂಗಿಗೆ ಏನು ಬೆಲೆ? ಅವಳೂ ಆ ಮನೆಯವಳಾಗಿಬಿಟ್ಟಿದ್ದಳು. ಅಂದರೆ, ತನ್ನ ಮೂಗಿಗಿಂತ ಮಾವನ ಮೂಗನ್ನು ಹೆಚ್ಚು ನಂಬತೊಡಗಿದ್ದಳು. ಬಟ್ಟೆ ನಾರುತ್ತಿಲ್ಲವೆಂದರೆ ಕೆಟ್ಟಿರುವುದು ತನ್ನ ಮೂಗೇ ಇರಬೇಕು. ಗಂಡ ಫೋನಿನಲ್ಲಿ ಕಾರಣವನ್ನೂ ಹುಡುಕಿಕೊಟ್ಟ: ಕೊಳದ ನೀರಿಗೆ ಹಾಕುವ ಔಷಧಿ ಮೂಗಿಗೆ ಹತ್ತಿದೆ. ವೈದ್ಯರ ಹತ್ತಿರ ಹೋದಳು. ಒಳಗೆ ಸ್ವಲ್ಪ ಕೆಂಪಾಗಿದೆ, ಕೆಲವು ತಿಂಗಳು ಕೊಳಕ್ಕೆ ಇಳಿಯುವುದು ಬಿಟ್ಟು ನೋಡಿ, ಎಂದರು ಅವರು.

ಅಂದು ಸಂಜೆ ಊಟದ ಮೇಜಿನಲ್ಲಿ ಅವಳು ಅದನ್ನು ಸಲೀಸಾಗಿ ಹೇಳಲು ಯತ್ನಿಸಿದಳು.

"ಹೊಸ ಬ್ಯಾಚಿಗೆ ಬರ್ತೀನೋ ಇಲ್ವೋ ಅಂತ ಭಾನುವಾರ ಸಂಜೆಯೊಳಗೆ ಹೇಳ್ಬೇಕಂತೆ ಅತ್ತೆ. ಬರಲ್ಲ ಅಂತೀನಿ. ಬೇರೆಯವರನ್ನ ನೋಡ್ಕೊಳ್ಳಲಿ."

"ಬಿಟ್ರೆ ಮತ್ತೆ ಸಿಗುತ್ತಾ ಆ ಕೆಲಸ?" ಅತ್ತೆ ಕೇಳಿದರು.

"ಎಲ್ಲಿ ಸಿಗುತ್ತೆ! ಸಾಲಲ್ಲಿ ಹತ್ತು ಜನ ನಿಂತಿದಾರೆ." ಅವಳು ನಕ್ಕಳು. "ಇರ್ಲಿ ಬಿಡಿ. ಇದ್ದೂ ಇಲ್ಲದ ವಾಸನೆ ಹಿಡ್ಕೊಂಡು ಓಡಾಡೋದಕ್ಕಿಂತ ದಡದಲ್ಲಿ ಕೂತ್ಕೊಂಡಿರೋದೇ ಮೇಲು."

"ಮೂಗಿಗಿಂತ ಮೂಗುತಿ ಭಾರ ಆಗಬಾರದು, ನಿಜ," ಎಂದರು ಅತ್ತೆ. ಆ ಮಾತಿನಲ್ಲಿ ಅವರಿಗೇ ನಂಬಿಕೆ ಇದ್ದಂತಿರಲಿಲ್ಲ. ಗಂಡನ ಕಡೆ ತಿರುಗಿದರು. "ನೀವೇನಂತೀರಿ?"

ರಾಯರ ಬಾಯಲ್ಲಿ ತುತ್ತಿತ್ತು. ತುತ್ತಿಗೆ ರುಚಿಯಿಲ್ಲದ ಈ ದಿನಗಳಲ್ಲಿ ಅದು ಮಾತಿಗೆ ಮುಚ್ಚಳವಾಗಿ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ತಲೆಯಾಡಿಸಿದರು, ಅದು ಹೌದೋ ಅಲ್ಲವೋ ತಿಳಿಯುವಂತಿರಲಿಲ್ಲ.

ಹಿಂದೊಮ್ಮೆ ಅವರು ಕೊಳಕ್ಕೆ ಹೋಗಿದ್ದರು, ಸೊಸೆ ಮರೆತುಹೋದ ಬೀಗದ ಕೈ ಕೊಡುವುದಕ್ಕೆ. ಗಾಜಿನ ಗೋಡೆಯಾಚೆಗೆ ಅವಳು ಎದೆಮಟ್ಟದ ನೀರಿನಲ್ಲಿ ನಿಂತು, ತಮ್ಮ ವಯಸ್ಸಿನದೇ ಒಬ್ಬ ಹೆಂಗಸನ್ನು ಅಂಗಾತ ತೇಲಿಸುತ್ತಿದ್ದಳು. ಹೆಂಗಸಿನ ಬೆನ್ನ ಕೆಳಗೆ ಅವಳ ಅಂಗೈ. ಸ್ವಲ್ಪ ಹೊತ್ತಿನ ಮೇಲೆ ಆ ಅಂಗೈ ಮೆಲ್ಲನೆ ಜಾರಿ ದೂರ ಸರಿಯಿತು. ಹೆಂಗಸಿಗೆ ಅದು ತಿಳಿಯಲೇ ಇಲ್ಲ, ತೇಲುತ್ತಲೇ ಇದ್ದಳು. ಆಗ ಸೊಸೆಯ ಮುಖದಲ್ಲಿ ಕಂಡ ಬೆಳಕನ್ನು ರಾಯರು ಗುರುತಿಸಿದ್ದರು. ಒಳ್ಳೆಯ ಎಲೆಯ ಬಟ್ಟಲಿನ ಮುಚ್ಚಳ ತೆರೆದಾಗ ತಮ್ಮ ಮುಖದಲ್ಲೂ ಅದೇ ಬೆಳಕಿರುತ್ತದೆಂದು ಜೊತೆಯವರು ಹೇಳುವುದುಂಟು. ಅದನ್ನು ಕಳೆದುಕೊಂಡವನಿಗೆ ಅದರ ಬೆಲೆ ಗೊತ್ತು; ಗೊತ್ತಿದ್ದೂ ಇನ್ನೊಬ್ಬರದನ್ನು ಆರಿಸುವುದೆಂದರೇನು?

ಊಟದ ಮೇಜಿನ ಆ ಮಾತಿನ ಮರುದಿನ ಹೆಂಗಸರಿಬ್ಬರೂ ಹೊರಗೆ ಹೋಗಿದ್ದಾಗ ರಾಯರು ಹಿಂದಿನ ಕೋಣೆಗೆ ಹೋಗಿ ವಾಷಿಂಗ್ ಮಷೀನಿನ ಬಾಗಿಲು ತೆರೆದು ಮಂಡಿಯೂರಿದರು. ಮೂಗು ಸಾಕ್ಷಿ ಹೇಳದಿದ್ದರೂ ಬೆರಳಿದೆ. ರಬ್ಬರ್ ಪಟ್ಟಿಯ ಮಡಿಕೆಯನ್ನು ಬಿಡಿಸಿ ಒಳಗೆ ತೋರುಬೆರಳನ್ನು ಓಡಿಸಿದರು. ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ಕಪ್ಪು ಲೋಳೆ, ಕಾಡಿಗೆಯಂತೆ.

ಹುಡುಗಿ ಹೇಳಿದ್ದು ನಿಜ. ಇನ್ನು ಅವಳ ಮೂಗಿನ ಮೇಲೆ ತಪ್ಪು ಹೊರಿಸುವ ದಾರಿಯೇ ಉಳಿಯಲಿಲ್ಲ.

ಇಷ್ಟಾದ ಮೇಲೆ ಬಾಯಿ ಬಿಡಬಹುದಿತ್ತು. ಆದರೆ ಮನುಷ್ಯ ಸತ್ಯದ ಬಾಗಿಲವರೆಗೆ ಬಂದಮೇಲೂ ಹಿತ್ತಿಲ ದಾರಿಯೊಂದಿದೆಯೇ ಎಂದು ಹುಡುಕುವವನು. ಹಾವೂ ಸಾಯಲಿ, ಕೋಲೂ ಮುರಿಯದಿರಲಿ: ಗುಟ್ಟಾಗಿ ಯಂತ್ರವನ್ನು ತೊಳೆದುಬಿಟ್ಟರೆ ವಾಸನೆ ಹೋಗುತ್ತದೆ, ಸೊಸೆಯ ಸಂಶಯ ಹೋಗುತ್ತದೆ, ಅವಳು ಕೊಳಕ್ಕೆ ಹೋಗುತ್ತಾಳೆ; ತನ್ನ ಮೂಗಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ರಾಯರು ಸೋಡಾಪುಡಿ ಕಲಸಿದ ಬಟ್ಟೆಯಿಂದ ಪಟ್ಟಿಯನ್ನು ತಿಕ್ಕಿದರು. ಪುಡಿ ಹಾಕುವ ಡ್ರಾಯರನ್ನು ಕಳಚಿ, ಅಂಟಿದ್ದ ಹೆಪ್ಪನ್ನು ಚಮಚದಿಂದ ಕೆರೆದರು. ಯಂತ್ರದ ಹಿಂಬದಿಯನ್ನೂ ಒರೆಸಬೇಕೆನಿಸಿ, ಪಕ್ಕದ ಡ್ರೈಯರನ್ನು ಮುಂದಕ್ಕೆಳೆದು, ಗೋಡೆಯ ಸಂದಿನಲ್ಲಿ ಕೈ ತೂರಿಸಿ ಒರೆಸಿದರು. ಹೆಂಡತಿ ಮೆಟ್ಟಿಲೇರುವ ಸದ್ದು ಕೇಳಿದಾಗ ಡ್ರೈಯರಿಗೆ ಹೆಗಲು ಕೊಟ್ಟು ಗೋಡೆಗೆ ತಾಗುವವರೆಗೆ ನೂಕಿ, ಕೈ ತೊಳೆದು ಕುರ್ಚಿಯಲ್ಲಿ ಕೂತರು.

ಆಮೇಲೆ ಅವರಿಗೆ ಹೊಳೆಯಿತು: ವಾಸನೆ ಹೋಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಯಾರನ್ನು ಕೇಳುವುದು? ತೆರೆದ ಬಾಗಿಲೊಳಗೆ ತಲೆಯಿಟ್ಟು ಉಸಿರೆಳೆದು, ಎಳೆದು, ಕೊನೆಗೆ ತಲೆ ಸುತ್ತಿದ್ದೊಂದೇ ಬಂದ ಲಾಭ. ನೀರಿಗೆ ತನ್ನದೆಂಬ ಗಂಧವಿಲ್ಲ, ಗಂಧವೇನಿದ್ದರೂ ಮಣ್ಣಿನ ಗುಣ, ನೀರು ನಾರಿದರೆ ಅದರೊಳಗೆ ಮಣ್ಣು ಸೇರಿದೆಯೆಂದರ್ಥ ಎಂದು ಹಿಂದಿನವರು ತರ್ಕಿಸಿ ಹೇಳಿದ್ದರು. ಆ ಮಾತನ್ನು ಎಳೆಯ ವಯಸ್ಸಿನಲ್ಲಿ ಕಂಠಪಾಠ ಮಾಡಿದ್ದ ರಾಯರಿಗೆ ಈಗ ನೀರಿಗೂ ಮಣ್ಣಿಗೂ ಭೇದವೇ ಉಳಿದಿರಲಿಲ್ಲ.

ಭಾನುವಾರ ಬಂತು. ಹೆಂಡತಿ ತರಕಾರಿ ತರಲು ಹೋಗಿದ್ದರು. ಸೊಸೆ ವಾರದ ಟವೆಲುಗಳನ್ನೆಲ್ಲ ಒಗೆದು ಡ್ರೈಯರಿಗೆ ತುಂಬಿದಳು. ಬಾಗಿಲೊಳಗಿನ ಜಾಲರಿಯನ್ನು ಹೊರಗೆಳೆದು, ಅದರ ಮೇಲೆ ಪದರವಾಗಿ ಕೂತಿದ್ದ ನೂಲಿನ ಧೂಳನ್ನು ಬೆರಳಿಂದ ಸುರುಳಿ ಸುತ್ತಿ ತೆಗೆದು ಮತ್ತೆ ಸಿಕ್ಕಿಸಿದಳು. ಆ ಕೆಲಸವನ್ನು ಅವಳು ಒಮ್ಮೆಯೂ ಮರೆತವಳಲ್ಲ. ಯಂತ್ರ ಗುಂಯ್‌ಗುಡತೊಡಗಿತು. ರಾಯರು ಕಿಟಕಿಯಡಿಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದಿದ್ದರು. ಸೊಸೆ ನೆಲದ ಮೇಲೆ ಕೂತು ಹೊದಿಕೆ ಮಡಚುತ್ತಿದ್ದಳು. ಪಕ್ಕದಲ್ಲಿ ಅವಳ ಫೋನಿತ್ತು. ಅದನ್ನೊಮ್ಮೆ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು.

"ಹೇಳಿಬಿಟ್ಟೆಯಾ ಅವರಿಗೆ?" ರಾಯರು ಪತ್ರಿಕೆಯ ಹಿಂದಿನಿಂದ ಕೇಳಿದರು.

"ಇಲ್ಲ ಮಾವ. ಕಾಫಿ ಕುಡಿದು ಹೇಳೋಣ ಅಂತ. ಆಮೇಲೆ ಊಟ ಮಾಡಿ ಹೇಳೋಣ ಅಂತ. ಹೀಗೇ ಮುಂದಕ್ಕೆ ಹಾಕ್ತಾ ಇದೀನಿ." ಹೊದಿಕೆಯ ಅಂಚು ಸರಿಮಾಡುತ್ತ ಸೇರಿಸಿದಳು: "ಆ ಅಜ್ಜಿ ಇದಾರಲ್ಲ, ನೀರು ಕಂಡ್ರೆ ನಡುಗೋರು, ಮೊನ್ನೆ ಒಬ್ಬರೇ ಆ ದಡದಿಂದ ಈ ದಡಕ್ಕೆ ಬಂದ್ರು. ಬಂದು ನನಗೇ ಬೈದ್ರು, 'ಯಾಕೆ ಕೈ ಬಿಟ್ಟೆ' ಅಂತ."

ರಾಯರು ನಗಲು ಹೋದರು. ನಗದೆ ಪತ್ರಿಕೆಯ ಹಾಳೆ ತಿರುವಿದರು.

ಅಷ್ಟರಲ್ಲಿ ಸೊಸೆಯ ಕೈ ನಿಂತಿತು. ತಲೆಯೆತ್ತಿ ಡ್ರೈಯರಿನ ಕಡೆ ನೋಡಿದಳು.

"ಮಾವ... ಏನೋ ಸೀದ ಹಾಗೆ ವಾಸನೆ ಬರ್ತಿದೆಯಾ?"

ರಾಯರು ಉಸಿರೆಳೆದರು. ಬಯಲು. ಸೊಸೆ ಎದ್ದು ಯಂತ್ರದ ಹತ್ತಿರ ಹೋದಳು. ಅದರ ನೆತ್ತಿಯ ಮೇಲೆ ಅಂಗೈಯಿಟ್ಟು ತಟ್ಟನೆ ಹಿಂದಕ್ಕೆಳೆದುಕೊಂಡಳು. ಇನ್ನೊಂದು ಕೈ ಸ್ವಿಚ್ಚಿನ ಕಡೆ ಹೋಯಿತು. ಹೋದ ಕೈ ಅಲ್ಲೇ ತಡೆಯಿತು. ತಿರುಗಿ ಮಾವನ ಮುಖ ನೋಡಿದಳು. ಕಾಯುತ್ತಿದ್ದಳು. ಮೂಗಿನ ಸಾಕ್ಷಿ ಅವಳಿಗಿತ್ತು, ಅಂಗೈಯ ಸಾಕ್ಷಿಯೂ ಇತ್ತು. ಆದರೂ ಮಾವ 'ಏನಿಲ್ಲ' ಎಂದರೆ ಅವಳು ಮತ್ತೆ ನೆಲದ ಮೇಲೆ ಕೂತು ಹೊದಿಕೆ ಮಡಚುವವಳೇ. ರಾಯರು ಅದನ್ನು ಕಂಡರು. ತಾನು ಹೇಳಿದ 'ಸರಿ'ಗಳು ಈ ಹುಡುಗಿಯನ್ನು ಎಲ್ಲಿಗೆ ತಂದು ನಿಲ್ಲಿಸಿವೆ ಎಂಬುದು ಕನ್ನಡಿಯಲ್ಲಿ ಕಂಡಂತೆ ಕಂಡಿತು.

"ನಿಲ್ಲಿಸು! ಮೊದಲು ನಿಲ್ಲಿಸು ಅದನ್ನ!"

ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಆ ಮನೆ ಕೇಳಿರಲಿಲ್ಲ. ಸೊಸೆ ಸ್ವಿಚ್ಚು ಒತ್ತಿ, ಗೋಡೆಯಿಂದ ವೈರನ್ನೂ ಕಿತ್ತಳು. ಗುಂಯ್ಕಾರ ನಿಂತಿತು.

"ನಿಮಗೂ ಬಂತಾ ವಾಸನೆ?"

"ಇಲ್ಲ."

"ಮತ್ತೆ?"

"ನನಗೆ ಯಾವ ವಾಸನೆಯೂ ಬರೋದಿಲ್ಲ ಕಣಮ್ಮ." ಮಾತು ಒಮ್ಮೆ ಹೊರಬಿದ್ದ ಮೇಲೆ ಉಳಿದದ್ದು ತಾನಾಗಿಯೇ ಹಿಂಬಾಲಿಸಿತು. "ಆ ಜ್ವರ ಬಂದಾಗಿನಿಂದ. ಹಾಲಿನದಿಲ್ಲ, ಚಹಾದ್ದಿಲ್ಲ, ನಿನ್ನ ಟವೆಲಿನದೂ ಇಲ್ಲ. ನಿನ್ನ ಮೂಗು ನೆಟ್ಟಗಿದೆ. ಕೆಟ್ಟಿರೋದು ನಂದು."

ಆ ಕ್ಷಣದಲ್ಲಿ ಸೊಸೆಯ ಮನಸ್ಸಿನಲ್ಲಿ ಏನೇನು ಹಾದುಹೋಯಿತೋ, ಮುಖದಲ್ಲಿ ಮಾತ್ರ ಒಂದೇ ಒಂದು ಪ್ರಶ್ನೆ ನಿಂತಿತು. ಅದು ಕೋಪದ್ದೂ ಆಗಿತ್ತು.

"ಹಾಗಾದ್ರೆ ಮುಗ್ಗಲು ನಿಜವಾಗಿಯೂ ಇತ್ತು?"

"ಇತ್ತು. ರಬ್ಬರಿನೊಳಗೆ ಬೆರಳು ಹಾಕಿ ನೋಡಿದೆ. ಕಪ್ಪಗೆ ಕೂತಿತ್ತು."

"ಯಾವಾಗ ನೋಡಿದ್ರಿ?"

"ನೀನು ಕೆಲಸ ಬಿಡ್ತೀನಿ ಅಂದ ಮರುದಿನ."

"ನೋಡಿಯೂ ಹೇಳ್ಲಿಲ್ಲ."

"ಹೇಳ್ಲಿಲ್ಲ," ಎಂದರು ರಾಯರು. ಅದಕ್ಕೆ ಸೇರಿಸುವ ಸಮಜಾಯಿಷಿಗಳು ಮನಸ್ಸಿನಲ್ಲಿ ಸಾಲುಗಟ್ಟಿದ್ದವು; ಒಂದೂ ಬಾಯಿಗೆ ತರಲು ಯೋಗ್ಯವಾಗಿರಲಿಲ್ಲ.

ಸೊಸೆ ಅವರಿಂದ ಮುಖ ತಿರುಗಿಸಿ ಡ್ರೈಯರಿನ ಎರಡು ಅಂಚು ಹಿಡಿದು ಎಳೆಯತೊಡಗಿದಳು. ನೀರಿನಲ್ಲಿ ಪಳಗಿದ ತೋಳು. ಯಂತ್ರ ಒಂದೇ ಎಳೆತಕ್ಕೆ ಮುಂದೆ ಬಂತು. ಅದರ ಬೆನ್ನಿನಿಂದ ಕಿಟಕಿಯ ಕೆಳಗಿನ ರಂಧ್ರಕ್ಕೆ ಬಿಸಿಗಾಳಿಯನ್ನು ಒಯ್ಯುವ ಸುಕ್ಕುಸುಕ್ಕಿನ ಕೊಳವೆಯೊಂದಿತ್ತು. ಗೋಡೆಗೂ ಯಂತ್ರಕ್ಕೂ ನಡುವೆ ಸಿಕ್ಕಿ ಅದು ಚಪ್ಪಟೆಯಾಗಿತ್ತು, ಬಂಡಿಯಡಿ ಸಿಕ್ಕ ಹಾವಿನಂತೆ. ಕೊಳವೆಯನ್ನು ಬಿಡಿಸಿ ಒಳಗೆ ಕೈ ಹಾಕಿದಳು. ಬೂದುಬಣ್ಣದ ನೂಲುಧೂಳಿನ ಉಂಡೆಗಳು ಹಿಡಿಹಿಡಿಯಾಗಿ ಹೊರಬಂದವು. ಜಾಲರಿಯ ಕಣ್ಣು ತಪ್ಪಿಸಿ ಹೋದದ್ದು, ಮದುವೆಯಾದಾಗಿನಿಂದ ಮನೆಮಂದಿಯೆಲ್ಲ ಉಟ್ಟು ತೊಟ್ಟದ್ದರಿಂದ ಉದುರಿದ್ದು. ಯಂತ್ರದ ಬಾಯಿಗೆ ಹತ್ತಿರವಿದ್ದ ಒಂದು ಉಂಡೆಯ ಅಂಚು ಕಂದಾಗಿತ್ತು. ಸೊಸೆ ಅದನ್ನು ಮಾವನ ಕಣ್ಣ ಮುಂದೆ ಹಿಡಿದಳು.

"ಮಷೀನು ಗೋಡೆಗೆ ಇಷ್ಟು ಒತ್ತಿಕೊಂಡಿರ್ಲಿಲ್ಲ. ಯಾರು ನೂಕಿದ್ರು?"

"ನಾನೇ. ಗುಟ್ಟಾಗಿ ತೊಳೆಯೋಕೆ ಹೋಗಿ."

ಅವಳು ಉಂಡೆಯನ್ನು ನೋಡಿದಳು, ಮಾವನನ್ನು ನೋಡಿದಳು. ಸೋಡಾಪುಡಿಯ ಬಟ್ಟೆ ಹಿಡಿದು, ಬಾಗಿಲ ಕಡೆ ಕಿವಿ ಕೊಟ್ಟು, ಕಳ್ಳನಂತೆ ಮಂಡಿಯೂರಿದ ಮೂಗುರಾಯರ ಚಿತ್ರ ಅವಳ ಕಣ್ಣಿಗೆ ಕಟ್ಟಿರಬೇಕು. ಕೋಪ ಪೂರ್ತಿ ಇಳಿಯುವ ಮೊದಲೇ ನಗು ಬಂದುಬಿಟ್ಟಿತು.

"ತೊಳೆದಾದ್ಮೇಲೆ ವಾಸನೆ ಹೋಯ್ತಾ ಅಂತ ನೋಡಿದ್ರಾ?"

"ನೋಡಿದೆ."

"ಹೇಗೆ ನೋಡಿದ್ರಿ ಮಾವ?"

ರಾಯರಿಗೂ ನಗು ತಡೆಯಲಾಗಲಿಲ್ಲ. ತರಕಾರಿ ಚೀಲ ಹಿಡಿದು ಒಳಗೆ ಬಂದ ಹೆಂಡತಿ ಕಂಡದ್ದು ಇದು: ಕೋಣೆಯ ನಡುವೆ ಯಂತ್ರ, ನೆಲದ ತುಂಬ ಬೂದುಬಣ್ಣದ ಉಂಡೆಗಳು, ಕಣ್ಣೊರೆಸಿಕೊಳ್ಳುತ್ತಿರುವ ಮಾವ ಸೊಸೆ.

"ಏನಾಗ್ತಿದೆ ಇಲ್ಲಿ? ಯಾರ ಮನೆ ಹಾಸಿಗೆ ಹರಿದ್ರಿ?"

ನಗು ಕೂಡಲೇ ನಿಂತಿತು. ಹೇಳಬೇಕಾದವರು ಹೇಳಿದರು, ನಿಂತುಕೊಂಡೇ, ಮೊದಲಿನಿಂದ ಕೊನೆಯವರೆಗೆ, ಏನನ್ನೂ ಬಿಡದೆ. ಹೆಂಡತಿ ಚೀಲವನ್ನು ಕೆಳಗಿಡುವುದನ್ನೂ ಮರೆತು ಕೇಳಿದರು. ಕೇಳಿ ಮುಗಿದ ಮೇಲೆ ಕುರ್ಚಿಯಲ್ಲಿ ಕೂತು, ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ನನಗೆ ಗೊತ್ತಿತ್ತು," ಎಂದರು.

"ಏನು? ನನ್ನ ಮೂಗು ಹೋದದ್ದೇ?"

"ಅದಲ್ಲ. ಬಟ್ಟೆ ನಾರೋದು. ಮೊದಲ ಸಲ ನೀವು 'ಸರಿ' ಅಂದಾಗಲೇ ನನಗೆ ಮೂಗಿಗೆ ಬಡೀತು. ನಾನು ಏನಂದ್ಕೊಂಡೆ ಗೊತ್ತಾ? ಹೊಸ ಹುಡುಗಿ, ಮನಸ್ಸು ನೋಯಿಸಬಾರದು ಅಂತ ಈ ಮನುಷ್ಯ ಜನ್ಮದಲ್ಲಿ ಮೊದಲ ಸಲ ಒಂದು ಸುಳ್ಳು ಹೇಳ್ತಿದಾರೆ ಅಂದ್ಕೊಂಡೆ. ಎಷ್ಟು ಹಿಗ್ಗಿದೆ ನಾನು! ನನಗೆ ಎಷ್ಟು ಸಲ ರಾಶಿಗಟ್ಟಲೆ ಬಟ್ಟೆ ವಾಪಸ್ ನೀರಿಗೆ ಹಾಕ್ಸಿಲ್ಲ ನೀವು? ಹೋಗ್ಲಿ, ಸೊಸೆಗಾದ್ರೂ ಕರುಣೆ ತೋರಿಸಿದ್ರಲ್ಲ ಅಂತ."

ರಾಯರಿಗೆ ಆ ದಿನದ ನೋಟದ ಅರ್ಥ ಈಗ ತಿಳಿಯಿತು. ತನ್ನದಲ್ಲದ ಒಂದು ಗುಣವನ್ನು ಹೆಂಡತಿ ಇಷ್ಟು ದಿನ ತನ್ನ ಹೆಸರಿನಲ್ಲಿ ಜತನದಿಂದ ಕಾಪಾಡಿದ್ದರು. ಮೂಗಿನ ಜೊತೆ ಅದೂ ಹೋಯಿತು. ಎರಡರಲ್ಲಿ ಯಾವುದು ದೊಡ್ಡ ನಷ್ಟವೆಂದು ಅವರಿಗೆ ಆ ಗಳಿಗೆಯಲ್ಲಿ ಹೇಳಲಾಗುತ್ತಿರಲಿಲ್ಲ.

"ಮತ್ತೆ ನಾನು ಕೆಲಸ ಬಿಡ್ತೀನಿ ಅಂದಾಗ ಅತ್ತೆ?" ಸೊಸೆ ಮೆಲ್ಲನೆ ಕೇಳಿದಳು. "ಆಗಲೂ ಸುಮ್ನಿದ್ರಿ."

ಅತ್ತೆಯ ಮುಖ ಬಾಡಿತು. "ಅದು ನನ್ನ ತಪ್ಪು ಮಗಳೇ. ನೀನು ಕೆಲಸ ಬಿಡ್ತೀನಿ ಅಂದ್ಮೇಲೂ ಇವರು ನಿಜ ಹೇಳ್ಲಿಲ್ಲವಲ್ಲ, ಆಗ ನನಗೆ ನನ್ನ ಮೂಗಿನ ಮೇಲೇ ಅನುಮಾನ ಬಂತು. ವಯಸ್ಸಾಯ್ತು ಅಂದ್ಕೊಂಡೆ. ಈ ಮನೆಗೆ ಬಂದಾಗಿನಿಂದ ನನ್ನ ಮೂಗು ಬಾಯಿ ತೆಗೆದದ್ದೇ ಇಲ್ಲ ನೋಡು." ಸೊಸೆಯ ಫೋನನ್ನು ಎತ್ತಿ ಅವಳ ಕೈಗಿಟ್ಟರು. "ಮೊದಲು ಫೋನ್ ಮಾಡು. ಬರ್ತೀನಿ ಅಂತ ಹೇಳು. ಆಮೇಲೆ ನಮ್ಮಿಬ್ಬರಿಗೂ ಬೈಯುವೆಯಂತೆ."

ಸೊಸೆ ಹೊರಕೋಣೆಗೆ ಹೋದಳು. ಅವಳ ಮಾತು ತುಂಡುತುಂಡಾಗಿ ಕೇಳಿಸಿತು: "ಹೌದು ಸರ್, ಬರ್ತೀನಿ... ಇಲ್ಲ, ಮೂಗಿಗೇನೂ ಆಗಿಲ್ಲ... ಸಂಜೆ ಬ್ಯಾಚೂ ನನಗೇ ಇರ್ಲಿ, ಯಾರಿಗೂ ಕೊಡ್ಬೇಡಿ." ಹಿಂತಿರುಗಿದಾಗ ಅವಳ ಹೆಗಲಲ್ಲಿ ಈಜಿನ ಚೀಲವಿತ್ತು. ಭಾನುವಾರ ಕೊಳಕ್ಕೆ ಹೋಗಬೇಕಾದ ಕೆಲಸವೇನೂ ಅವಳಿಗಿರಲಿಲ್ಲ. ಯಾರೂ ಅದನ್ನು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು:

"ಅತ್ತೆ, ಒಂದು ಹಿಡಿ ಪುಡಿ ಹಾಕ್ಬೇಡಿ, ಎರಡು ಚಮಚ ಸಾಕು. ಬಿಸಿನೀರಿಟ್ಟು ಖಾಲಿ ಮಷೀನನ್ನ ಒಂದು ಸುತ್ತು ಓಡಿಸಿ. ಮುಗಿದ್ಮೇಲೆ ಬಾಗಿಲು ತೆಗೆದೇ ಇಡಿ, ಗಾಳಿಯಾಡ್ಲಿ."

"ಬೆಕ್ಕು?"

"ಬಟ್ಟೆ ಹಾಕೋ ಮುಂಚೆ ಒಳಗೆ ಇಣುಕಿ ನೋಡಿದ್ರಾಯ್ತು. ಮಾವನ ಕಣ್ಣು ಚೆನ್ನಾಗಿದೆಯಲ್ಲ."

ಅವಳು ಮೆಟ್ಟಿಲಿಳಿದು ಹೋದಮೇಲೆ ಗಂಡಹೆಂಡಿರು ಯಂತ್ರಕ್ಕೆ ಬಿಸಿನೀರು ಬಿಟ್ಟು ಅದರ ಮುಂದೆ ಕೂತರು. ದುಂಡು ಗಾಜಿನಾಚೆಗೆ ಖಾಲಿ ಡ್ರಮ್ಮು ತಿರುಗುತ್ತಿತ್ತು. ಬಟ್ಟೆಯಿಲ್ಲದಿದ್ದರೂ ಎಲ್ಲಿಂದಲೋ ನೊರೆ ಏಳುತ್ತಿತ್ತು, ಹಳೆಯ ಹಿಡಿಹಿಡಿ ಪುಡಿಯ ಋಣ.

"ಹೊಸ ಎಲೆ ಬರೋ ಹೊತ್ತಾಯ್ತು," ಎಂದರು ರಾಯರು. "ನಾಳೆ ಉಗ್ರಾಣದಲ್ಲೂ ಹೇಳಿಬಿಡ್ತೀನಿ. ಬಟ್ಟಲಿನ ಮುಂದೆ ನನ್ನನ್ನ ನಿಲ್ಲಿಸಬೇಡಿ ಅಂತ."

"ಏನಂತಾರೆ?"

"ಗೊತ್ತಿಲ್ಲ. ಎಲೆಯ ಬಣ್ಣ ಗೊತ್ತಾಗುತ್ತೆ, ಒಗರು ಗೊತ್ತಾಗುತ್ತೆ. ಅಷ್ಟಕ್ಕೆ ಇಟ್ಟುಕೊಂಡ್ರೆ ಇರ್ತೀನಿ."

ಹೆಂಡತಿ ಗಾಜಿನಾಚೆಯ ನೊರೆಯನ್ನೇ ನೋಡಿದರು. ಆಮೇಲೆ, ಸಣ್ಣ ದನಿಯಲ್ಲಿ, "ಒಂದೇ ತಟ್ಟೆ ಎದುರು ಕೂತು ಊಟ ಮಾಡ್ತೀವಿ. ಏನು ತಿಂದ್ರೂ ರುಚಿ ಇಲ್ಲ ಅಂತ ನನಗೆ ಹೇಳ್ಬಾರದಾಗಿತ್ತಾ?" ಎಂದರು.

"ಹೇ‍ಳಬೇಕಾಗಿತ್ತು."

ಯಂತ್ರ ನೀರು ಹೊರಗೆ ಹಾಕಿ ಸುಮ್ಮನಾಯಿತು. ರಾಯರು ಬಾಗಿಲು ತೆರೆದರು. ಬೆಚ್ಚಗಿನ ಆವಿ ಮುಖಕ್ಕೆ ಬಡಿಯಿತು, ಮುಚ್ಚಳ ತೆರೆದ ಬಟ್ಟಲಿನದರಂತೆ. ಅದರೊಳಗೆ ಏನಿದೆಯೋ ಅವರಿಗೆ ತಿಳಿಯದು. ಹೆಂಡತಿಯ ಕಡೆ ತಿರುಗಿದರು.

"ಈಗ ಹೇಗಿದೆ?"

"ಏನು ಹೇಗಿದೆ?"

"ವಾಸನೆ. ನೀನು ನೋಡಿ ಹೇಳು."

ಅವರು ಸಂಕೋಚದಿಂದ ಮುಂದೆ ಬಾಗಿದರು. "ಕಮ್ಮಿಯಾಗಿದೆ. ಸ್ವಲ್ಪ ಮುಗ್ಗಲು ಇನ್ನೂ ಇದೆ."

"ಯಾವ ಥರದ ಮುಗ್ಗಲು?"

"ಮುಗ್ಗಲಲ್ಲೂ ಥರ ಇರುತ್ತೇನ್ರೀ?"

"ಇರುತ್ತೆ. ಅವಸರ ಇಲ್ಲ. ಇನ್ನೊಂದು ಸಲ ನೋಡು."

ಹೆಂಡತಿ ಕಣ್ಣು ಮುಚ್ಚಿ ಉಸಿರೆಳೆದರು. "ಒದ್ದೆ ಗೋಡೆ ಥರ... ಅಲ್ಲ. ಮಳೆಗಾಲ ಮುಗಿದ್ಮೇಲೆ ಮಡಚಿಟ್ಟ ಕೊಡೇನ ಮುಂದಿನ ವರ್ಷ ಬಿಚ್ಚಿದಾಗ ಬರುತ್ತಲ್ಲ, ಹಾಗೆ. ಅದರ ಹಿಂದೆ ಇನ್ನೊಂದಿದೆ, ಸಣ್ಣದು. ಹಿತ್ತಾಳೆ ಪಾತ್ರೆ ಉಜ್ಜಿದ ಮೇಲೆ ಅಂಗೈಯಲ್ಲಿ ಉಳಿಯುತ್ತಲ್ಲ, ಅದು. ಕೊಡೆಯದು ಈ ರಬ್ಬರಿನಲ್ಲಿದೆ, ಹಿತ್ತಾಳೆಯದು ಒಳಗಿನಿಂದ ಬರ್ತಿದೆ. ಇನ್ನೊಂದು ಸುತ್ತು ಓಡಿಸ್ಬೇಕು."

ರಾಯರು ದಂಗಾದರು. ಬಟ್ಟಲುಗಳ ಸಾಲಿನ ಮುಂದೆ ವರ್ಷಗಟ್ಟಲೆ ತರಬೇತಿ ಪಡೆದ ಎಷ್ಟು ಜನರ ಬಾಯಿಂದ ಇಷ್ಟು ಬಿಡಿಸಿ ಹೇಳುವ ಮಾತಿಗಾಗಿ ಅವರು ಕಾದಿದ್ದರು! ಇದು ಈ ಮನೆಯೊಳಗೇ, ಅವರ ಪಕ್ಕದಲ್ಲೇ, ಒಮ್ಮೆಯೂ ಯಾರೂ ಕೇಳದೆ ಸುಮ್ಮನೆ ಕೂತಿತ್ತು.

"ಇನ್ನೂ ಏನೇನಿದೆ ಹೇಳು," ಎಂದರು.

ಹೆಂಡತಿ ಮೂಗನ್ನು ಅತ್ತಿತ್ತ ಆಡಿಸುತ್ತ ಗಂಡನ ಕಡೆಗೆ ತಂದು, ಅವರ ತೋಳಿನ ಹತ್ತಿರ ನಿಲ್ಲಿಸಿ, ಮುಖ ಹಿಂಡಿದರು.

"ಈ ಅಂಗಿ. ಎಷ್ಟು ದಿನದಿಂದ ಹಾಕ್ಕೊಂಡಿದೀರ ಇದನ್ನ? ಊಹೂಂ. ತೆಗೀರಿ, ಇದರ ಜೊತೆಗೇ ಹೋಗ್ಲಿ."

ಮೂಗುರಾಯರು ಎದುರು ಮಾತಾಡದೆ ಮೇಲಿನ ಗುಂಡಿಯಿಂದ ಬಿಚ್ಚತೊಡಗಿದರು.